ಹಿಮ್ಮಡಿ ಎದ್ದರೆ ಕೈ ಬಿಡಿ: ಆಷಾಢದ ಗಾಳಿ ಮತ್ತು ದೊಡ್ಡ ಪಟ



ನಾನು ಚಳ್ಳಕೆರೆ ಕಡೆಯವನು. ಪ್ರೌಢಶಾಲೆ ಮಕ್ಕಳಿಗೆ ವಿಜ್ಞಾನ ಹೇಳಿಕೊಡೋದು ನನ್ನ ಕೆಲಸ. ಗಾಳಿಪಟ ಚಿಕ್ಕಂದಿನಿಂದ ಹತ್ತಿದ ಹುಚ್ಚು. ಇವತ್ತಿನ ಮಾತೂ ಗಾಳಿಪಟದ್ದೇ. ಆದ್ರೆ ನಾವು ಪಟವನ್ನ ಮೇಲಕ್ಕೆ ಏರಿಸೋದರ ಬಗ್ಗೆ ಅಲ್ಲ, ಪಟ ನಮ್ಮನ್ನೇ ಮೇಲಕ್ಕೆ ಎತ್ತೋದರ ಬಗ್ಗೆ. ನಗಬೇಡಿ, ಅದು ಆಗುತ್ತೆ. ನನಗೂ ಒಮ್ಮೆ ಆಗಿದೆ, ಅದನ್ನ ಆಮೇಲೆ ಹೇಳ್ತೀನಿ. ಅದಕ್ಕೆ ಮುಂಚೆ ಗಾಳಿ ವಿಚಾರ.

ಚಳ್ಳಕೆರೆ, ಮೊಳಕಾಲ್ಮೂರು ಅಂದ್ರೆ ಹೊರಗಿನವರಿಗೆ ಎಣ್ಣೆ ಗಿರಣಿ, ಕುರಿ ಕಂಬಳಿ, ರೇಷ್ಮೆ ಸೀರೆ, ಬ್ರಹ್ಮಗಿರಿಯ ಅಶೋಕನ ಶಾಸನ ನೆನಪಾಗ್ತವೆ. ಇಲ್ಲೇ ಇರೋ ನಮಗೆ ಆಷಾಢ ಬಂತು ಅಂದ್ರೆ ನೆನಪಾಗೋದು ಗಾಳಿ. ಒಗೆದು ಹಾಕಿದ ಬಟ್ಟೆ ಪಕ್ಕದ ಮನೆ ಸೇರುತ್ತೆ. ಸೈಕಲ್ ತುಳಿಯೋರು ಪಶ್ಚಿಮಕ್ಕೆ ಹೊರಟ್ರೆ ಇಳಿದು ತಳ್ಳಬೇಕು. ನೈಋತ್ಯ ಮುಂಗಾರಿನ ಮಾರುತ ಅರಬ್ಬಿ ಸಮುದ್ರದಿಂದ ಹೊರಟು ಪಶ್ಚಿಮ ಘಟ್ಟ ಏರುವಾಗ ತನ್ನ ನೀರನ್ನೆಲ್ಲ ಅಲ್ಲೇ ಸುರಿಸಿಬಿಡುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ನಮ್ಮಲ್ಲಿಗೆ ಬರೋ ಹೊತ್ತಿಗೆ 500ರ ಆಸುಪಾಸು. ಮಳೆ ಅಲ್ಲೇ ಉಳೀತು, ಗಾಳಿ ಮಾತ್ರ ಇಲ್ಲಿಗೆ ಬಂತು. ಅಡ್ಡ ಹಾಕೋಕೆ ಕಾಡಿಲ್ಲ, ಎತ್ತರದ ಮರ ಇಲ್ಲ. ಚಿತ್ರದುರ್ಗದ ಗುಡ್ಡಗಳ ಸಾಲಿನಲ್ಲಿ ತಿರುಗೋ ಗಾಳಿಯಂತ್ರಗಳನ್ನ ನೋಡಿರ್ತೀರಿ, ನಮ್ಮ ಹುಡುಗರು ಫ್ಯಾನು ಅಂತಾರಲ್ಲ, ಅವು. ಅವು ಅಲ್ಲಿ ನಿಂತಿರೋದಕ್ಕೂ ಇದೇ ಗಾಳಿ ಕಾರಣ.

ಈ ಗಾಳೀಲಿ ನಾವು ಹಾರಿಸ್ತಾ ಇದ್ದ ಪಟ ಎಂಥದ್ದು? ಹಳೇ ಪೇಪರು, ಎರಡು ಪೊರಕೆ ಕಡ್ಡಿ, ಅಂಟಿಸೋಕೆ ಅನ್ನದ ಅಗುಳು, ಅಮ್ಮನ ಹಳೇ ಸೀರೆಯಿಂದ ಹರಿದ ಬಾಲಂಗೋಚಿ. ಗಾಳಿ ಜಾಸ್ತಿ ಆದ್ರೆ ಏನಾಗ್ತಿತ್ತು? ಪೇಪರು ಹರೀತಿತ್ತು, ಇಲ್ಲ ಕಡ್ಡಿ ಮುರೀತಿತ್ತು, ಇಲ್ಲ ದಾರ ಪಟ್ ಅಂತಿತ್ತು. ಅಂದ್ರೆ ನಮಗೆ ಏನಾದ್ರೂ ಆಗೋದಕ್ಕೆ ಮುಂಚೆ ಪಟವೇ ಸೋಲ್ತಿತ್ತು. ಈ ಮಾತು ನೆನಪಿಟ್ಕೊಳ್ಳಿ.

ಈಗ ಪವರ್ ಕೈಟ್ ಅನ್ನೋದು ಬಂದಿದೆ. ಇದರಲ್ಲಿ ಕಡ್ಡಿ ಇಲ್ಲ. ಪ್ಯಾರಾಚೂಟ್ ಬಟ್ಟೆ ಥರದ ಗಟ್ಟಿ ಬಟ್ಟೇಲಿ ಎರಡು ಪದರ, ನಡುವೆ ಸಾಲು ಸಾಲು ಚೀಲ. ಮುಂದಿನ ಅಂಚಿನ ಬಾಯಿಂದ ಗಾಳಿ ಒಳಗೆ ತುಂಬಿದ್ರೆ ವಿಮಾನದ ರೆಕ್ಕೆ ಆಕಾರ ಬರುತ್ತೆ. ಎರಡು ಅಥವಾ ನಾಲ್ಕು ದಾರ, ಎರಡು ಕೈಗೂ ಒಂದೊಂದು ಹಿಡಿಕೆ. ಎಡಗೈ ಎಳೆದ್ರೆ ಎಡಕ್ಕೆ, ಬಲಗೈ ಎಳೆದ್ರೆ ಬಲಕ್ಕೆ. ಸಮುದ್ರದಲ್ಲಿ ಹಲಗೆ ಮೇಲೆ ನಿಂತು ಪಟ ಹಿಡಿದು ಓಡ್ತಾರಲ್ಲ, ನಮ್ಮ ಹತ್ತಿರ ಅಂದ್ರೆ ರಾಮೇಶ್ವರಂ ಕಡೆ, ಅವರದ್ದೂ ಇದೇ ಜಾತಿ. ಬಟ್ಟೆ ಹರಿಯಲ್ಲ, ದಾರ ನೂರಾರು ಕೆ.ಜಿ. ಎಳೆತ ತಡೆಯುತ್ತೆ. ಸೋಲೋ ಸರದಿ ಈಗ ಯಾರದ್ದು? ಹಿಡಿದವರದ್ದು.

ಸ್ವಲ್ಪ ಲೆಕ್ಕ ಮಾಡೋಣ, ಕಷ್ಟ ಏನಿಲ್ಲ. ಗಾಳಿಯ ವೇಗ ಎರಡು ಪಟ್ಟಾದ್ರೆ ಅದರ ಬಲ ನಾಲ್ಕು ಪಟ್ಟಾಗುತ್ತೆ, ಮೂರು ಪಟ್ಟಾದ್ರೆ ಒಂಬತ್ತು ಪಟ್ಟು. ಗಂಟೆಗೆ 18 ಕಿ.ಮೀ. ಗಾಳಿ ಒಂದು ಚದರ ಮೀಟರ್ ಬಟ್ಟೆಗೆ ಹೆಚ್ಚುಕಮ್ಮಿ ಒಂದೂವರೆ ಕೆ.ಜಿ. ಎಳೆತ ಕೊಡುತ್ತೆ ಅಂತ ಇಟ್ಕೊಳ್ಳಿ. 5 ಚದರ ಮೀಟರ್ ಪಟಕ್ಕೆ ಏಳೂವರೆ ಕೆ.ಜಿ. ಆಯ್ತು. ಒಂದು ಬಿಂದಿಗೆ ನೀರಿನಷ್ಟು, ಮಗೂನೂ ಹಿಡ್ಕೋಬಹುದು. ಗಾಳಿ 36 ಕಿ.ಮೀ. ಆದ್ರೆ ಅದೇ ಪಟ 30 ಕೆ.ಜಿ. ಎಳೆಯುತ್ತೆ. 54 ಕಿ.ಮೀ. ಆದ್ರೆ 67 ಕೆ.ಜಿ. ನನ್ನ ತೂಕ 62.

ಇನ್ನೊಂದು ಗುಟ್ಟಿದೆ. ಇವು ನಿಂತಲ್ಲಿ ನಿಲ್ಲೋ ಪಟಗಳಲ್ಲ, ಗಾಳಿಗೆ ಅಡ್ಡಲಾಗಿ ಓಡೋ ಪಟಗಳು. ಓಡುವಾಗ ಪಟಕ್ಕೆ ತಾಗೋದು ಬೀಸೋ ಗಾಳಿ ಮಾತ್ರ ಅಲ್ಲ, ತನ್ನ ಓಟದ ಗಾಳಿಯೂ ಸೇರುತ್ತೆ. ನಿಂತ ಗಾಳೀಲಿ ಬೈಕ್ ಓಡಿಸಿದ್ರೂ ಮುಖಕ್ಕೆ ಗಾಳಿ ಹೊಡೆಯುತ್ತಲ್ಲ, ಹಾಗೆ. ಹೀಗಾಗಿ 18 ಕಿ.ಮೀ. ಗಾಳೀಲೇ ಪಟಕ್ಕೆ ಮೂರು ಪಟ್ಟು ವೇಗ ತಾಗಬಹುದು, ಏಳೂವರೆ ಕೆ.ಜಿ. ಇದ್ದದ್ದು ಕ್ಷಣದಲ್ಲಿ 67 ಆಗಬಹುದು. ನೋಡ್ತಾ ನಿಂತವರು ‘ಗಾಳಿ ಅಷ್ಟೇನೂ ಇರಲಿಲ್ಲ’ ಅಂತಾರೆ. ಅವರು ಹೇಳೋದು ನಿಜಾನೇ.

ಎಳೆತ ಯಾವ ಕಡೆಗೆ ಅನ್ನೋದೂ ಮುಖ್ಯ. ಪಟ ಎದುರಿಗೆ, ತಗ್ಗಿನಲ್ಲಿ ಇದ್ರೆ ನಮ್ಮನ್ನ ಮುಂದಕ್ಕೆ ಎಳೆಯುತ್ತೆ, ಮುಗ್ಗರಿಸಿ ಬೀಳ್ತೀವಿ. ನೆತ್ತಿ ಮೇಲೆ ಇದ್ರೆ ಮೇಲಕ್ಕೆ ಎಳೆಯುತ್ತೆ. ಹೊಸಬರಿಗೆ ನೆತ್ತಿ ಮೇಲಿನ ಪಟ ಸುಮ್ಮನೆ ನಿಂತ ಹಾಗೆ ಕಾಣುತ್ತೆ, ನಿರಾಳ ಅನ್ನಿಸುತ್ತೆ. ಸಮ ಗಾಳೀಲಿ ನಿರಾಳವೇ. ಆದ್ರೆ ಒಂದು ರಭಸ ಬಂದ್ರೆ ಮನುಷ್ಯ ಮೇಲೇಳೋದು ಅಲ್ಲಿಂದಲೇ.

ನನಗೆ ಆದದ್ದೂ ಹಾಗೆಯೇ. ಕಡಲ ತೀರದಲ್ಲಿ ಪಟ ಹಾರಿಸಿ ಪಳಗಿದ ಗೆಳೆಯನೊಬ್ಬ 5 ಚದರ ಮೀಟರ್ ಪಟ ತಂದಿದ್ದ. ತಳಕು ದಾಟಿ ಮೊಳಕಾಲ್ಮೂರು ಕಡೆ ಒಂದು ಹೊಲ. ಹದ ಮಳೆ ಬಾರದೆ ಆ ಸಲ ಶೇಂಗಾ ಬಿತ್ತಿರಲಿಲ್ಲ, ಬಯಲು ಹಾಗೇ ಬಿದ್ದಿತ್ತು. ಕೈಲಿ ಹಿಡಿಯೋ ಗಾಳಿಮಾಪಕ ಗಂಟೆಗೆ 25 ಕಿ.ಮೀ. ಆಸುಪಾಸು ತೋರಿಸ್ತಿತ್ತು. ಅರ್ಧ ಗಂಟೆ ಚೆನ್ನಾಗಿ ಹಾರಿಸಿದ್ದೆ, ಪಟ ನೆತ್ತಿ ಮೇಲೆ ನಿಂತಿತ್ತು. ಪಶ್ಚಿಮಕ್ಕೆ ಒಂದು ಕಪ್ಪು ಮೋಡ. ನಮ್ಮ ಸೀಮೆಯಲ್ಲಿ ಅಂಥ ಮೋಡ ಕಂಡ್ರೆ ಯಾರೂ ಒಣಹಾಕಿದ್ದನ್ನ ಎತ್ತಿಡಲ್ಲ, ಅದು ಸುರಿಯಲ್ಲ ಅಂತ ಎಲ್ಲರಿಗೂ ಗೊತ್ತು. ಕತ್ತಿನ ಹಿಂದೆ ತಣ್ಣಗಾಯ್ತು. ದಾರಗಳ ಸದ್ದು ಒಮ್ಮೆಗೇ ಏರಿತು. ಮೊದಲು ಹಿಮ್ಮಡಿ ಎದ್ದವು, ಆಮೇಲೆ ಬೆರಳ ತುದಿ. ಆಮೇಲೆ ಕಾಲ ಕೆಳಗೆ ಏನೂ ಇರಲಿಲ್ಲ. ಭಯ ಆಗಲಿಲ್ಲ, ಅದಕ್ಕೆ ಸಮಯವೇ ಇರಲಿಲ್ಲ. ಕೈ ಬಿಟ್ಟೆ. ಒಂದು ಆಳಿಗಿಂತ ಕಮ್ಮಿ ಎತ್ತರ, ಮೊಣಕಾಲು ತರಚಿತು, ಪಾದ ಉಳುಕಿತು, ಅಷ್ಟೆ. ಗೆಳೆಯ ಓಡಿಬಂದು, ‘ಬಿಟ್ಟೆಯಲ್ಲ ಮಾರಾಯ, ಅಷ್ಟು ಸಾಕು’ ಅಂದ. ಮೋಡದಿಂದ ನಾಲ್ಕು ಹನಿ ಬಿತ್ತು, ಮುಗೀತು.

ಆ ಮೋಡ ಮಾಡಿದ್ದೇನು? ಅದರಲ್ಲಿ ಮಳೆ ಇತ್ತು. ಕೆಳಗಿನ ಒಣ ಗಾಳೀಲಿ ಬೀಳುವಾಗ ಹನಿಗಳು ದಾರೀಲೇ ಆರಿಹೋದವು. ನೀರು ಆರುವಾಗ ಸುತ್ತಲಿನ ಗಾಳಿ ತಣ್ಣಗಾಗುತ್ತೆ, ಮಡಕೆ ನೀರು ತಣ್ಣಗಾಗೋ ಹಾಗೆ. ತಣ್ಣಗಾದ ಗಾಳಿ ಭಾರ. ಅದು ಕೆಳಕ್ಕೆ ಕುಸಿದು, ನೆಲಕ್ಕೆ ಬಡಿದು, ನಾಲ್ಕೂ ದಿಕ್ಕಿಗೆ ನುಗ್ಗುತ್ತೆ. ಅಂದ್ರೆ ಸುರಿಯದ ಮೋಡ ಸುಮ್ಮನಿರೋ ಮೋಡ ಅಲ್ಲ. ಒಣ ಸೀಮೆಯಲ್ಲಿ ಪಟ ಹಾರಿಸೋರಿಗೆ ಕಡಲ ತೀರದವರಿಗಿಂತ ಇದರ ಅರಿವು ಹೆಚ್ಚು ಬೇಕು. ಮೋಡದ ಅಂಚು ಹತ್ತಿರ ಬರೋ ಮುಂಚೆಯೇ ಪಟ ಇಳಿಸಬೇಕು.

ಆವತ್ತು ನಾನು ಕೈ ಬಿಟ್ಟಿದ್ದು ಧೈರ್ಯದಿಂದಲ್ಲ. ಪಟ ಬಿಚ್ಚೋಕೆ ಮುಂಚೆ ಗೆಳೆಯ ನನ್ನಿಂದ ಹತ್ತು ಸಲ ಅಭ್ಯಾಸ ಮಾಡಿಸಿದ್ದ: ಹಿಮ್ಮಡಿ ಎದ್ದ ಕ್ಷಣ ಹಿಡಿಕೆ ಬಿಡು. ಯೋಚನೆ ಮಾಡಬೇಡ, ಪಟದ ಬೆಲೆ ಲೆಕ್ಕ ಹಾಕಬೇಡ. ಅಂಥ ಪಟದಲ್ಲಿ ಬ್ರೇಕಿನ ದಾರ ಮಣಿಕಟ್ಟಿನ ಪಟ್ಟಿಗೆ ಸೇರಿರುತ್ತೆ. ಹಿಡಿಕೆ ಬಿಟ್ರೆ ಮುಂದಿನ ದಾರ ಸಡಿಲಾಗಿ, ಹಿಂದಿನ ದಾರ ಬಿಗಿಯಾಗಿ, ಪಟ ಒದ್ದೆ ಬಟ್ಟೆ ಹಾಗೆ ಕುಸಿಯುತ್ತೆ. ಬಿಟ್ಟರೆ ಹಾರಿಹೋಗುತ್ತೆ ಅನ್ನೋ ಚಿಂತೆಯೂ ಬೇಡ.

ಹಿಮ್ಮಡಿ ಎದ್ದಾಗಲೇ ಯಾಕೆ? ಮತ್ತೆ ಲೆಕ್ಕ. ಪಟದ ಎಳೆತ ನಮ್ಮ ತೂಕಕ್ಕಿಂತ ಮೂವತ್ತು ಶೇಕಡ ಜಾಸ್ತಿ ಇದೆ ಅನ್ನೋಣ. ಒಂದು ಸೆಕೆಂಡಿಗೆ ಒಂದೂವರೆ ಮೀಟರ್ ಏರ್ತೀವಿ. ಎರಡು ಸೆಕೆಂಡಿಗೆ ಮೂರಲ್ಲ, ಆರು ಮೀಟರ್, ಅಂದ್ರೆ ಎರಡಂತಸ್ತಿನ ಮನೆಯಷ್ಟು. ಒಂದೂವರೆ ಮೀಟರಿಂದ ಬಿದ್ರೆ ನೆಲ ಮುಟ್ಟೋ ವೇಗ ಗಂಟೆಗೆ 20 ಕಿ.ಮೀ., ಆರು ಮೀಟರಿಂದ ಬಿದ್ರೆ 39 ಕಿ.ಮೀ. ಅನಿರೀಕ್ಷಿತವಾಗಿ ಏನಾದ್ರೂ ಆದಾಗ ‘ಏನಿದು’ ಅಂತ ತಿಳಿಯೋಕೇ ಒಂದು ಸೆಕೆಂಡು ಹೋಗಿರುತ್ತೆ. ಅಷ್ಟರಲ್ಲಿ ಇನ್ನೊಂದು ಕಷ್ಟ ಶುರು: ಕಾಲು ನೆಲ ಬಿಟ್ಟ ಕೂಡಲೇ ಕೈ ತಾನಾಗೇ ಬಿಗಿಯಾಗುತ್ತೆ. ಬೀಳೋ ಹಾಗಾದ್ರೆ ಸಿಕ್ಕಿದ್ದನ್ನ ಹಿಡ್ಕೋ ಅಂತ ನಮ್ಮ ಮೈ ಕಲಿತಿದೆ. ಇಲ್ಲಿ ಸಿಕ್ಕಿರೋದೇ ಮೇಲಕ್ಕೆ ಒಯ್ಯೋ ಹಗ್ಗ. ಹಾಗಾಗಿ ಬಿಡೋ ತೀರ್ಮಾನ ನೆಲದ ಮೇಲೇ ಆಗಿರಬೇಕು. ಮೇಲೆ ಹೋದಮೇಲೆ ತೀರ್ಮಾನ ಮಾಡೋಕಾಗಲ್ಲ.

2021ರ ಡಿಸೆಂಬರಿನಲ್ಲಿ ಶ್ರೀಲಂಕಾದ ಜಾಫ್ನಾ ಸೀಮೆಯ ಪಾಯಿಂಟ್ ಪೆಡ್ರೊದಲ್ಲಿ ಆದದ್ದನ್ನ ಕೆಲವರು ಮೊಬೈಲಲ್ಲಿ ನೋಡಿರಬಹುದು. ಪೊಂಗಲ್ ಮುಂಚಿನ ತಿಂಗಳುಗಳಲ್ಲಿ ಅಲ್ಲಿ ಭಾರಿ ಪಟ ಹಾರಿಸ್ತಾರೆ. ಹಲವರು ಸೇರಿ ಒಂದೇ ಹಗ್ಗ ಹಿಡಿದಿದ್ರು. ಪಟ ಜಗ್ಗಿತು, ಉಳಿದವರು ಬಿಟ್ರು, ಒಬ್ಬ ಯುವಕ ಹಿಡಿದೇ ಇದ್ದ. ಹತ್ತಾರು ಅಡಿ ಮೇಲೆ ಹಗ್ಗಕ್ಕೆ ನೇತಾಡಿ ಆಮೇಲೆ ಬಿದ್ದ, ಪುಣ್ಯಕ್ಕೆ ಉಳಿದ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಆರು ಜನರ ತೂಕಕ್ಕೆ ಸರಿಯಾದ ಪಟ ಐದು ಜನ ಬಿಟ್ಟ ಮೇಲೆ ಒಬ್ಬನ ಪಾಲಿಗೆ ಬರುತ್ತೆ. ಗುಂಪಲ್ಲಿ ಹಿಡಿದಾಗ ಯಾರು ಯಾವಾಗ ಬಿಡಬೇಕು ಅಂತ ಮೊದಲೇ ಮಾತಾಗಿರಬೇಕು, ಬಿಟ್ರೆ ಎಲ್ಲರೂ ಒಟ್ಟಿಗೆ ಬಿಡಬೇಕು. 2020ರ ಆಗಸ್ಟ್ 30ರಂದು ತೈವಾನಿನ ಶಿಂಚುವಿನಲ್ಲಿ ಪಟದ ಹಬ್ಬ ನಡೀತಿತ್ತು. ಮೂರು ವರ್ಷದ ಹೆಣ್ಣುಮಗು ದೊಡ್ಡ ಪಟದ ಬಾಲಕ್ಕೆ ಸಿಕ್ಕಿಕೊಂಡು ಎಲ್ಲರ ತಲೆ ಮೇಲೆ ಹಾರಿತು. ಕೆಳಗಿದ್ದವರು ಹಿಡಿದು ಇಳಿಸಿದ್ರು, ಸಣ್ಣಪುಟ್ಟ ಗಾಯ ಅಷ್ಟೆ. ಆ ಮಗು ಏನನ್ನೂ ಹಿಡಿದಿರಲಿಲ್ಲ, ಹಾಗಾಗಿ ಬಿಡೋಕೂ ಆಗ್ತಿರಲಿಲ್ಲ.

ಬೇಕು ಅಂತಲೇ ಮೇಲಕ್ಕೆ ಹೋದವರೂ ಇದ್ದಾರೆ. 1894ರ ನವೆಂಬರ್ 12ರಂದು ಆಸ್ಟ್ರೇಲಿಯಾದ ಸ್ಟ್ಯಾನ್‌ವೆಲ್ ಪಾರ್ಕ್ ಕಡಲ ತೀರದಲ್ಲಿ ಲಾರೆನ್ಸ್ ಹಾರ್ಗ್ರೇವ್ ನಾಲ್ಕು ಪೆಟ್ಟಿಗೆ ಪಟ ಒಂದಕ್ಕೊಂದು ಕಟ್ಟಿ 16 ಅಡಿ ಮೇಲೇರಿದರು. ಆದ್ರೆ ಅವರು ದಾರವನ್ನ ನೆಲಕ್ಕೆ ಬಿಗಿದಿದ್ರು, ಗಾಳಿಯ ವೇಗ, ಎಳೆತ ಎರಡನ್ನೂ ಅಳೀತಿದ್ರು. ಅದೇ ಗಾಳಿ, ಅದೇ ಪಟ, ಅಳತೆ ಇದ್ದಾಗ ಪ್ರಯೋಗ ಅನ್ನಿಸಿಕೊಳ್ಳುತ್ತೆ.

ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ? ಹೋದ ಆಷಾಢದಲ್ಲಿ ಒಬ್ಬ ಹುಡುಗ ಕೇಳಿದ: ‘ಸಾರ್, ಟಾರ್ಪಾಲಿನಲ್ಲಿ ಪಟ ಮಾಡಿದ್ರೆ ಹಾರುತ್ತಾ?’ ಚೆನ್ನಾಗೇ ಹಾರುತ್ತೆ ಕಣಪ್ಪ, ಅದೇ ತೊಂದರೆ. ಫ್ಲೆಕ್ಸ್ ಬ್ಯಾನರ್, ನೈಲಾನ್ ಹಗ್ಗ ಈಗ ಎಲ್ಲರ ಮನೇಲೂ ಬಿದ್ದಿರ್ತವೆ. ಪೇಪರ್ ಪಟ ಹರಿದು ನಮ್ಮನ್ನ ಉಳಿಸ್ತಿತ್ತು ಅಂದೆನಲ್ಲ, ಫ್ಲೆಕ್ಸ್ ಹರಿಯಲ್ಲ. ನಮ್ಮ ಹುಡುಗರಿಗೆ ಪೇಟೆಯ ಪವರ್ ಕೈಟ್ ಕೈಗೆ ಸಿಗದೇ ಇರಬಹುದು, ಅವರೇ ಒಂದು ಮಾಡಿಬಿಡ್ತಾರೆ. ಅದಕ್ಕೆ ಬ್ರೇಕೂ ಇರಲ್ಲ. ಹುಡುಗನ ತೂಕವೂ 30 ಕೆ.ಜಿ.

ಅದಕ್ಕೇ ಶಾಲೇಲಿ ನಾಲ್ಕೇ ಮಾತು ಹೇಳಿದ್ದೀನಿ. ದಾರವನ್ನ ಸೊಂಟಕ್ಕಾಗಲಿ ಕೈಗಾಗಲಿ ಸುತ್ತಿ ಕಟ್ಟಬೇಡಿ. ಎರಡು ತೋಳು ಚಾಚಿದ್ದಕ್ಕಿಂತ ದೊಡ್ಡ ಪಟ ಆದ್ರೆ ದೊಡ್ಡವರು ಜೊತೆಗಿರಲಿ, ದಾರ ಕಲ್ಲುಗೂಟಕ್ಕೆ ಬಿಗಿದಿರಲಿ. ಬಾಲಂಗೋಚಿ ಹತ್ತಿರ ಚಿಕ್ಕ ಮಕ್ಕಳನ್ನ ಬಿಡಬೇಡಿ. ಹಿಮ್ಮಡಿ ಎದ್ರೆ ಕೈ ಬಿಡಿ. ದೊಡ್ಡವರಿಗೆ ಐದನೇದೊಂದು: ಚಳ್ಳಕೆರೆ ಹತ್ತಿರ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಇದೆ, ಇಸ್ರೊ ತನ್ನ ಮರುಬಳಕೆಯ ರೆಕ್ಕೆವಾಹನವನ್ನ 2023ರಲ್ಲಿ, 2024ರಲ್ಲಿ ಇಳಿಸಿದ್ದು ಅಲ್ಲೇ. 1934ರ ವಿಮಾನ ಕಾಯ್ದೆ ‘ವಿಮಾನ’ ಅನ್ನೋ ಪದದ ಅರ್ಥದಲ್ಲಿ ಗಾಳಿಪಟವನ್ನೂ ಸೇರಿಸಿತ್ತು. ದೊಡ್ಡ ಪಟ ಏರಿಸೋ ಮುಂಚೆ ಮೇಲಿನ ಆಕಾಶ ಯಾರದ್ದು ಅಂತ ಕೇಳಿ, ಕರೆಂಟಿನ ತಂತಿ ಎಲ್ಲಿದೆ ನೋಡಿ.

ಗಾಳಿ ಬಂದಾಗ ತೂರಿಕೋ ಅಂತ ಗಾದೆ. ಕಣದಲ್ಲಿ ಮೊರ ಎತ್ತಿ ನಿಂತ ಹೆಣ್ಣುಮಕ್ಕಳು ಗಾಳಿ ಬಂತು ಅಂತ ಒಂದೇ ಸಮ ತೂರ್ತಾ ಇರ್ತಿರಲಿಲ್ಲ. ರಭಸ ಜಾಸ್ತಿ ಆಯ್ತು ಅಂದ್ರೆ ಮೊರ ಇಳಿಸಿ ಕಾಯ್ತಿದ್ರು, ಇಲ್ಲದಿದ್ರೆ ಹೊಟ್ಟಿನ ಜೊತೆ ಕಾಳೂ ಹೋಗ್ತಿತ್ತು. ಪಟ ಹಾರಿಸೋರಿಗೂ ಅಷ್ಟೇ ವಿವೇಕ ಸಾಕು. ಈ ಆಷಾಢದಲ್ಲಿ ಮಕ್ಕಳ ಜೊತೆ ಹೊಲಕ್ಕೆ ಹೋಗಿ, ಪಟ ಹಾರಿಸಿ. ಏರಿಸೋದನ್ನ ಕಲಿಸುವಾಗಲೇ ಬಿಡೋದನ್ನೂ ಕಲಿಸಿ.