ಕ್ವಾರಿ ಹಸಿರಾದರೆ ಸಾಲದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೆಲಸ ನಿಂತುಹೋದ ಕಲ್ಲು ಕ್ವಾರಿಗಳ ಬಗ್ಗೆ ಎರಡು ಮಾತು ಹೇಳುತ್ತೇನೆ. ಬಳ್ಳಾರಿ, ಕುರುಗೋಡು ಕಡೆ ನಮ್ಮದು ಕಲ್ಲುಗುಡ್ಡಗಳ ಸೀಮೆ. ಕಲ್ಲು ಒಡೆದೇ ಎಷ್ಟೋ ಮನೆಗಳ ಒಲೆ ಉರಿದಿದೆ. ಆ ದುಡಿಮೆಯನ್ನು ನಾನು ಹಳಿಯುವುದಿಲ್ಲ. ಕಲ್ಲು ಮುಗಿದ ಮೇಲೆ ಉಳಿಯುವ ಗುಂಡಿಯನ್ನು ಏನು ಮಾಡಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಸಂಡೂರಿನ ಕಥೆ ನಿಮಗೆಲ್ಲ ಗೊತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಇಲ್ಲದೆ ಗಣಿ ಮತ್ತೆ ತೆರೆಯುವಂತಿಲ್ಲ ಎಂಬ ಷರತ್ತು 2013ರ ಏಪ್ರಿಲ್ ತೀರ್ಪಿನಲ್ಲಿ ಗಟ್ಟಿಯಾಯಿತು. ಅದು ಕಬ್ಬಿಣದ ಅದಿರಿನ ಮಾತು. ನಮ್ಮ ಕಲ್ಲು ಕ್ವಾರಿಗಳ ಬಗ್ಗೆ ನಾವೇ ಕೇಳಬೇಕು.

'ತಾನೇ ಹಸಿರಾಗುತ್ತದೆ ಬಿಡಪ್ಪ' ಎನ್ನುವವರಿದ್ದಾರೆ. ನಾನು ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರ ನೋಡುವವನು. ಅಲ್ಲಿ ಹಸಿರು ಕಾಣುತ್ತದೆ ನಿಜ. ಹತ್ತಿರ ಹೋದರೆ ಅದರಲ್ಲಿ ಹೆಚ್ಚಿನದು ಜಾಲಿ. ಅಮೆರಿಕ ಖಂಡದಿಂದ ಬಂದ ಈ ಮುಳ್ಳುಗಿಡಕ್ಕೆ ಕನ್ನಡದಲ್ಲಿ ನಮ್ಮ ಜಿಲ್ಲೆಯ ಹೆಸರೇ ನಿಂತಿದೆ: ಬಳ್ಳಾರಿ ಜಾಲಿ. ಅದು ಸೌದೆ ಕೊಡುತ್ತದೆ, ಸರಿ. ಆದರೆ ಅದು ಹಬ್ಬಿದ ಕಡೆ ಹುಲ್ಲು ಏಳುವುದಿಲ್ಲ, ಕುರಿಗೆ ಮೇವಿಲ್ಲ.

ನಮ್ಮ ಗುಡ್ಡದ ಜೀವಗಳೇ ಬೇರೆ. ದರೋಜಿಯಲ್ಲಿ ಕರಡಿಗಳಿಗೆಂದು 1994ರಲ್ಲಿ ಧಾಮವಾಯಿತು. ಎಲಚಿ, ಕಾರೆ ಹಣ್ಣು, ಗೆದ್ದಲು ಅವುಗಳ ಆಹಾರ. ಕೊಂಬಿನ ಗೂಬೆ ಬಂಡೆಯ ಅಂಚಿನಲ್ಲೇ ಮೊಟ್ಟೆ ಇಡುತ್ತದೆ, ಹಳೆಯ ಕ್ವಾರಿಯ ಗೋಡೆಯೂ ಅದಕ್ಕೆ ಸಾಕು. ಅದು ತಿನ್ನುವುದು ಹೆಚ್ಚಾಗಿ ಇಲಿಗಳನ್ನು. ಸಿರುಗುಪ್ಪದ ಭತ್ತದ ರೈತರಿಗೆ ಇದರ ಬೆಲೆ ನಾನು ಹೇಳಬೇಕಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಗುಂಡಿಗೆ ಊರಿನ ಕಸ ಸುರಿಯಬಾರದು. ನೀರು ನಿಲ್ಲುವ ಗುಂಡಿಗೆ ಮೊದಲು ಬೇಲಿ ಬೇಕು. ಒಂದು ಬದಿಯನ್ನು ಇಳಿಜಾರು ಮಾಡಿದರೆ ಬಿದ್ದ ಮಗು, ಬಿದ್ದ ಕುರಿ ಹತ್ತಿ ಬರಬಹುದು. ಎದುರು ಬದಿಯ ಕಡಿದಾದ ಬಂಡೆಯನ್ನು ಗೂಬೆಗೆ ಬಿಡೋಣ. ಉಳಿದ ಕಡೆ ಮಣ್ಣು ಹರಡಿ, ಮೊದಲು ಹುಲ್ಲು, ಆಮೇಲೆ ಬೇವು, ಕಮರ, ಎಲಚಿ. ಮೂರು ಬೇಸಿಗೆ ನೀರು ಕೊಟ್ಟು ಕಾಯಬೇಕು. ನೆಟ್ಟ ದಿನದ ಫೋಟೋದಿಂದ ಗಿಡ ಬದುಕುವುದಿಲ್ಲ.

ಒಂದು ಗುಂಡಿಯಿಂದ ಲೋಕದ ಬಿಸಿ ಇಳಿಯದು. ಆದರೆ ಬೇರು ಇಳಿದ ಮಣ್ಣು ಇಂಗಾಲವನ್ನೂ ಮಳೆನೀರನ್ನೂ ಹಿಡಿಯುತ್ತದೆ. ನೆರಳಿದ್ದಷ್ಟು ಜಾಗದಲ್ಲಿ ಬಂಡೆ ಕಾಯುವುದಿಲ್ಲ. ನಮ್ಮ ಬೇಸಿಗೆಗೆ ಅದೂ ದೊಡ್ಡದೇ.

ಹಣ? 2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇರುವುದೇ ಗಣಿಯಿಂದ ಬಾಧೆಪಟ್ಟವರಿಗಾಗಿ. ಮುಂದಿನ ಗ್ರಾಮಸಭೆಯಲ್ಲಿ ಒಂದೇ ಒಂದು ಕ್ವಾರಿಯ ಹೆಸರು ಹಿಡಿದು ಠರಾವು ಮಾಡಿ ಕೇಳೋಣ. ಅರ್ಜಿ, ನಕ್ಷೆ ಮಾಡಿಕೊಡುವ ಕೆಲಸ ನನ್ನದು. ಯಾವ ಗಿಡ ಎಲ್ಲಿತ್ತು ಎಂದು ಹೇಳಬೇಕಾದವರು ಕುರಿ ಕಾಯ್ದ ನಮ್ಮ ಹಿರಿಯರು. ಬದುಕಿದ ಗಿಡಗಳನ್ನು ವರ್ಷವರ್ಷವೂ ಎಣಿಸುವವರು ಈ ಶಾಲೆಯ ಮಕ್ಕಳು.

ಜೈ ಕರ್ನಾಟಕ.