ಕ್ರಾಂಜಿಯ ಕಲ್ಲಿನಲ್ಲೊಂದು ಹೆಸರು



ನಮ್ಮ ಅಜ್ಜನವರ ತಮ್ಮಂದಿರೊಬ್ಬರು ನಿಜಾಮ ಸರಕಾರದ ಪಲಟಣದಲ್ಲಿದ್ದರು. ಮಲಾಯಕ್ಕೆ ಹೋದವರು ಮರಳಲಿಲ್ಲ. ‘ಅವನನ್ನು ಎಲ್ಲಿ ಮಣ್ಣು ಮಾಡಿದರು?’ ಎಂದು ನಮ್ಮ ಮುತ್ತಜ್ಜಿ ಪ್ರಾಣವಿರುವವರೆಗೆ ಕೇಳುತ್ತಿದ್ದರಂತೆ. ಸತ್ತವರನ್ನು ಭೂಮಿಗೆ ಕೊಡುವುದು ನಮ್ಮ ವೀರಶೈವ ಮನೆಗಳ ಪದ್ಧತಿ. ಸಮಾಧಿಗೆ ವಿಭೂತಿ, ಪತ್ರೆ ಏರಿಸದೆ ಆ ತಾಯಿಗೆ ಸಮಾಧಾನವೆಲ್ಲಿಯದು?

1941ರ ಡಿಸೆಂಬರ್ 8ರಂದು, ನಡುರಾತ್ರಿ ಕಳೆದ ಮೇಲೆ, ಜಪಾನೀಯರು ಕೋಟಾ ಭಾರುವಿನ ಕಡಲ ತೀರದಲ್ಲಿ ಇಳಿದರು. ಒಂದನೆಯ ಹೈದರಾಬಾದ್ ಇನ್‌ಫಂಟ್ರಿ ಅಲ್ಲಿನ ವಿಮಾನ ನಿಲ್ದಾಣದ ಕಾವಲಿಗಿತ್ತು. ಪರ್ಲ್ ಹಾರ್ಬರಿನ ಮೇಲೆ ಬಾಂಬು ಬೀಳುವುದಕ್ಕೂ ಕೊಂಚ ಮೊದಲಿನ ಹೊತ್ತು ಅದು. ಜಗತ್ತು ಪರ್ಲ್ ಹಾರ್ಬರನ್ನು ಬಲ್ಲುದು, ಕೋಟಾ ಭಾರುವನ್ನು ಅರಿಯದು, ಇರಲಿ.

1917ರಲ್ಲಿ ಸ್ಥಾಪಿತವಾದ ಯುದ್ಧಸಮಾಧಿ ಆಯೋಗದ ದಾಖಲೆಗಳನ್ನು ಇಂದು ಗಣಕಯಂತ್ರದಲ್ಲಿ ಯಾರಾದರೂ ಹಣವಿಲ್ಲದೆ ನೋಡಬಹುದು. ಆದರೆ ಹುಡುಕುವ ಬಗೆ ತಿಳಿದಿರಬೇಕು. ಕನ್ನಡದ ಹೆಸರು ಮೊದಲು ಉರ್ದುವಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಬಸಪ್ಪನು ಬುಸಾಪಾ ಆಗಿರಬಹುದು. ಊರೂ ಹಾಗೆಯೇ. 1956ರವರೆಗೆ ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಗೂ ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಸಂಗಾರೆಡ್ಡಿ, ವಿಕಾರಾಬಾದು ಎಂದು ಹುಡುಕಿದವರಿಗೆ ಆ ಕಾಲದ ಸಿಪಾಯಿ ದೊರೆಯಲಾರನು. ನಾವು ತಿಂಗಳುಗಟ್ಟಲೆ ಮಾಡಿದ ತಪ್ಪು ಇದೇ.

ಕೊನೆಗೆ ದೊರೆತುದು ಸಮಾಧಿಯಲ್ಲ. ಮಲೇಷಿಯಾದ ತೈಪಿಂಗ್ ಯುದ್ಧಸ್ಮಶಾನದಲ್ಲಿ ಅರ್ಧಕ್ಕಿಂತ ಹೆಚ್ಚು ಸಮಾಧಿಗಳು ಗುರುತು ಸಿಗದವರವು. ಸಮಾಧಿಯ ನೆಲೆ ತಿಳಿಯದವರ ಹೆಸರುಗಳನ್ನು ಸಿಂಗಪುರದ ಕ್ರಾಂಜಿಯಲ್ಲಿ, 1957ರಲ್ಲಿ ಅನಾವರಣವಾದ ಸ್ಮಾರಕದ ಕಲ್ಲುಗಳಲ್ಲಿ ಕೆತ್ತಿದ್ದಾರೆ. ಅವು 24,000ಕ್ಕೂ ಮಿಕ್ಕಿವೆ. ಅದರ ಹಿಂದೆಯೇ ದಹನಸಂಸ್ಕಾರ ಪಡೆದ ಸುಮಾರು 800 ಮಂದಿಯ, ಬಹುಪಾಲು ಭಾರತೀಯರ, ಬೇರೊಂದು ಸ್ಮಾರಕವಿದೆ. ನಮ್ಮವರು ಅದರಲ್ಲಿ ಇಲ್ಲ, ಮೊದಲಿನದರಲ್ಲಿದ್ದಾರೆ. ಅವರ ದೇಹವನ್ನು ಮಣ್ಣು ಮಾಡಿದರೋ, ಸುಟ್ಟರೋ, ಮುತ್ತಜ್ಜಿಯ ಪ್ರಶ್ನೆಗೆ ಆ ಕಲ್ಲು ಉತ್ತರ ಹೇಳಲಿಲ್ಲ.

ಆದರೂ ಮನೆಯವರೊಬ್ಬರು ಸಿಂಗಪುರಕ್ಕೆ ಹೋದಾಗ ಆ ಹೆಸರಿನ ಮುಂದೆ ವಿಭೂತಿಯಿಟ್ಟು ಬಂದರು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ. ತಿದ್ದಬೇಕೆಂದು ಆಯೋಗವನ್ನು ಕೇಳಲು ಆ ಕಾಲದ ಕಾಗದದ ಆಧಾರ ಬೇಕು; ಅದನ್ನಿನ್ನೂ ಹುಡುಕುತ್ತಿದ್ದೇವೆ. ನಿಮ್ಮ ಮನೆಯ ತಗಡಿನ ಪೆಟ್ಟಿಗೆಗಳಲ್ಲಿಯೂ ಹಳೆಯ ಪಲಟಣದ ಚೀಟಿ, ಪಿಂಚಣಿಯ ಕಾಗದಗಳಿರಬಹುದು. ಉರ್ದು ಓದಲು ಬಾರದೆಂದು ಅವನ್ನು ಒಲೆಗೆ ಹಾಕಬೇಡಿರಿ. ಸಂಘಕ್ಕೆ ತನ್ನಿರಿ, ಕೂಡಿ ಓದೋಣ.