ಬಹುಮಾನ ಬಾರದ ಕತೆಯೂ ಕತೆಯೇ
(ಮುಂಡಗೋಡದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಿಮ್ಮಲ್ಲಿ ಕತೆ ಬರೆಯುವವರು ಇದ್ದೀರಿ ಅಂತ ಕೇಳಿ ಸಂತೋಷವಾಯಿತು. ಆದರೆ ಸ್ಪರ್ಧೆಗೆ ಕಳಿಸಿ ಬಹುಮಾನ ಬರದಿದ್ದರೆ ‘ನಮ್ಮದು ಕತೆಯೇ ಅಲ್ಲ ಬಿಡ್ರಿ’ ಅಂತ ಕೈಬಿಡುತ್ತೀರಂತೆ. ಆ ಮಾತಿಗೇ ಇವತ್ತು ಉತ್ತರ ಹುಡುಕೋಣ.

ಕನ್ನಡದಲ್ಲಿ ಕತೆಗಾರ ಆಗೋ ದಾರಿ ಯಾವುದು? ದೀಪಾವಳಿ, ಯುಗಾದಿ ವಿಶೇಷಾಂಕದ ಸ್ಪರ್ಧೆ, ವಾರಪತ್ರಿಕೆ, ಮಾಸಪತ್ರಿಕೆ, ಆಮೇಲೊಂದು ಸಂಕಲನ, ಕೊನೆಗೆ ಸಮ್ಮೇಳನದ ಗೋಷ್ಠಿ. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆ 1950ರ ದಶಕದಲ್ಲೇ ಶುರುವಾಯಿತು. ಹಿಂದೆ ಹಾಳೆಯ ಒಂದೇ ಮಗ್ಗುಲಿಗೆ ಬರೆದು, ಅಂಚೆಚೀಟಿ ಹಚ್ಚಿದ ಲಕೋಟೆ ಜೊತೆಗಿಟ್ಟು ಕಳಿಸಬೇಕಿತ್ತು. ಈಗ ಟೈಪು ಮಾಡಿ ಇಮೇಲ್ ಮಾಡಿ ಅನ್ನುತ್ತಾರೆ. ನಿಯಮ ಎಲ್ಲರಿಗೂ ಒಂದೇ. ಆದರೆ ಕಂಪ್ಯೂಟರ್ ಇರೋ ಮನೆಯ ಹುಡುಗನಿಗೂ, ಹತ್ತು ಜನರ ಕೋಣೆಯಲ್ಲಿ ಕೂತು ಬರೆಯೋ ಹಾಸ್ಟೆಲ್ ಹುಡುಗಿಗೂ ಅದರ ಭಾರ ಒಂದೇ ಅಲ್ಲ.

ಇನ್ನೊಂದು ಭಾರ ಭಾಷೆಯದು. ಇದು ಅಶುದ್ಧ, ತಿದ್ದಬೇಕು ಅನ್ನೋ ಮಾತು ನಮ್ಮ ಕೇರಿಯ ಕನ್ನಡಕ್ಕೇ ಯಾಕೆ ಬರುತ್ತೆ? ದೇವನೂರ ಮಹಾದೇವ 1973ರ ‘ದ್ಯಾವನೂರು’ ಸಂಕಲನದಿಂದಲೇ ತಮ್ಮ ಸೀಮೆಯ ಆಡುಮಾತನ್ನು ಬಿಡಲಿಲ್ಲ. 1984ರ ‘ಕುಸುಮಬಾಲೆ’ ಅರ್ಥವಾಗೋದಿಲ್ಲ ಅಂದವರಿದ್ದರು. ಅದಕ್ಕೇ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರಲ್ಲಿ ದೇಶದ ಅಸಹನೆಯನ್ನು ಪ್ರತಿಭಟಿಸಿ ಆ ಪ್ರಶಸ್ತಿಯನ್ನು ಅವರು ವಾಪಸು ಕೊಟ್ಟರು. ಪ್ರಶಸ್ತಿ ಹೋಯಿತು, ಪುಸ್ತಕ ಉಳಿಯಿತು.

ಸಮ್ಮೇಳನದ ಮಾತಿಗೆ ಬರೋಣ. 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಇಡಿ ಅಂತ ಚೆನ್ನಣ್ಣ ವಾಲೀಕಾರರು ಕೇಳಿದರು. ಸಾಹಿತ್ಯದಲ್ಲಿ ಅಂಥ ಭೇದವಿಲ್ಲ ಎಂಬ ಉತ್ತರ ಬಂತು. ಊರಲ್ಲಿರೋ ಭೇದ ಸಾಹಿತ್ಯದಲ್ಲಿ ಮಾತ್ರ ಮಾಯವಾಗುತ್ತದೆಯೆ? ಅದೇ ವರ್ಷ ಮಾರ್ಚಿನಲ್ಲಿ ಬೆಂಗಳೂರಲ್ಲಿ ಬೇರೆ ಸಮ್ಮೇಳನ ಸೇರಿತು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. 2015ರಲ್ಲಿ, ಹಾಸ್ಟೆಲಿನಲ್ಲಿದ್ದು ಓದಿದ ಸಿದ್ಧಲಿಂಗಯ್ಯನವರು ಶ್ರವಣಬೆಳಗೊಳದ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅಲ್ಲಿಗೆ ಎಲ್ಲ ಸರಿಹೋಯಿತೆ? ಇಲ್ಲ. 2023ರ ಜನವರಿಯಲ್ಲಿ ನಮ್ಮ ಪಕ್ಕದ ಹಾವೇರಿಯ ಸಮ್ಮೇಳನದಲ್ಲಿ ಮುಸ್ಲಿಂ ಲೇಖಕರನ್ನು ಕಡೆಗಣಿಸಿದ್ದಾರೆಂದು ಬೆಂಗಳೂರಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಸಬೇಕಾಯಿತು. ಒಬ್ಬರಿಗೆ ಕುರ್ಚಿ ಸಿಕ್ಕಿದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆಯೋದಿಲ್ಲ.

ಹಾಗಂತ ಸ್ಪರ್ಧೆಗೆ ಕಳಿಸಬೇಡಿ ಅಂತ ನಾವು ಹೇಳೋದಿಲ್ಲ. ಕಳಿಸಿ. ಪ್ರತಿ ಇಟ್ಟುಕೊಳ್ಳಿ, ತಾರೀಖು ಬರೆದಿಡಿ. ಉತ್ತರ ಬರದಿದ್ದರೆ ಕೇಳಿ. ಬೇಡ ಅಂದರೆ ಇನ್ನೊಂದು ಕಡೆ ಕಳಿಸಿ. ಅದು ಭಿಕ್ಷೆ ಅಲ್ಲ, ಹಕ್ಕು.

ಒಂದು ಎಚ್ಚರ ಮಾತ್ರ ಇರಲಿ. ತೀರ್ಪುಗಾರರ ಕಣ್ಣಲ್ಲಿ ನೀರು ಬರಿಸೋಕೆ ನಮ್ಮ ಹಸಿವನ್ನು ಮಾರಬೇಡಿ. ದಲಿತರ ಕತೆ ಅಂದರೆ ಕೊನೆಗೊಂದು ಹೆಣ ಬೀಳಲೇಬೇಕೆ? ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ. ಕದ್ದು ತಂದ ಕಡಲೆಕಾಯನ್ನು ಇಡೀ ಮನೆ ಕೂತು ಒಂದೇ ರಾತ್ರಿ ತಿಂದು ಮುಗಿಸುತ್ತೆ. ಅಲ್ಲಿ ಹಸಿವೂ ಇದೆ, ನಗುವೂ ಇದೆ, ಪೊಲೀಸರ ಭಯವೂ ಇದೆ. ನಮ್ಮವರನ್ನು ಪೂರಾ ಮನುಷ್ಯರಾಗಿ ಬರೆಯೋದು ಅಂದರೆ ಇದು.

ಬರೆದದ್ದನ್ನು ಮೊದಲು ಹಾಸ್ಟೆಲಿನಲ್ಲೇ ಗಟ್ಟಿಯಾಗಿ ಓದಿ. ಅಡುಗೆಯವರನ್ನೂ ಕೂಡಿಸಿಕೊಳ್ಳಿ. ‘ಹಿಂಗ ಯಾರು ಮಾತಾಡ್ತಾರೋ?’ ಅಂತ ಅವರು ನಕ್ಕರೆ ತಿದ್ದಿ. ಮುಂಡಗೋಡದ ಸುತ್ತ ಸಿದ್ದಿಯರಿದ್ದಾರೆ, ಲಂಬಾಣಿಗರಿದ್ದಾರೆ, 1960ರ ದಶಕದಲ್ಲಿ ನೆಲೆ ಕಳೆದುಕೊಂಡು ಬಂದ ಟಿಬೆಟಿನವರಿದ್ದಾರೆ. ಇವರ ನಡುವೆ ನಮ್ಮ ಕೇರಿ ಹೇಗೆ ಬದುಕುತ್ತೆ ಅನ್ನೋದನ್ನು ನೀವಲ್ಲದೆ ಬೇರೆ ಯಾರು ಬರೆಯಬೇಕು?

ದೊಡ್ಡ ಪತ್ರಿಕೆಯಲ್ಲಿ ಜಾಗ ಸಿಗದಿದ್ದರೆ ಈ ಮಸಿ ಮೆತ್ತುವ ಹಾಳೆ ಇದೆ. ಬರೆಯಿರಿ, ನಾವೇ ಅಚ್ಚು ಹಾಕೋಣ, ನಾವೇ ಹಂಚೋಣ.

ಜೈ ಭೀಮ್.